ವರ್ಷಗಳಾದರೂ ಗುಣಮಟ್ಟ ಬಿಡದ ಯೂಟ್ಯೂಬ್ ಚಾನೆಲ್‌ಗಳು: ಯಾವುವು, ಹೇಗೆ ಉಳಿದವು?

ಒಂದು ಕಾಲಕ್ಕೆ ಮುಗಿಬಿದ್ದು ನೋಡುತ್ತಿದ್ದ ಯೂಟ್ಯೂಬ್ ಚಾನೆಲ್ ಎರಡು-ಮೂರು ವರ್ಷ ಕಳೆಯುವಷ್ಟರಲ್ಲಿ ಸಪ್ಪೆ ಎನಿಸುವುದು ಹೊಸದೇನಲ್ಲ. ಐದು ನಿಮಿಷದಲ್ಲಿ ಮುಗಿಯುವ ಮಾತು ಹದಿನೈದು ನಿಮಿಷಕ್ಕೆ ಎಳೆಯುತ್ತದೆ. ಥಂಬ್‌ನೇಲ್‌ನಲ್ಲಿ ಬಾಯಿ ತೆರೆದ ಮುಖ ಬರುತ್ತದೆ. ಒಗ್ಗರಣೆ ಹಾಕುವ ಹೊತ್ತಿಗೆ ಯಾವುದೋ ಆ್ಯಪ್‌ನ ಪ್ರಚಾರ ನುಸುಳುತ್ತದೆ. ಇಷ್ಟರ ನಡುವೆಯೂ ಹತ್ತು, ಹದಿನೈದು ವರ್ಷಗಳಿಂದ ಹದ ತಪ್ಪದೆ ನಡೆದುಕೊಂಡು ಬಂದ ಚಾನೆಲ್‌ಗಳಿವೆ.

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಬರೀ ಮನರಂಜನೆಯ ವಿಷಯವಲ್ಲ. ಮಕ್ಕಳ ಗಣಿತ ಪಾಠ, ಊರಿನ ಅಡುಗೆಯ ಅಳತೆ, ಮಕ್ಕಳ ಕಿವಿಗೆ ಬೀಳುವ ನಾಲ್ಕು ಕನ್ನಡ ಮಾತು, ಮೂರೂ ಎಷ್ಟೋ ಮನೆಗಳಲ್ಲಿ ಈಗ ಒಂದೇ ಪರದೆಯಿಂದ ಬರುತ್ತಿವೆ. ಹಾಗಾಗಿ ಯಾವ ಚಾನೆಲ್‌ ಅನ್ನು ನಂಬಬೇಕು ಎಂಬುದು ಮನೆಮಂದಿಯೆಲ್ಲ ಕೇಳಿಕೊಳ್ಳಬೇಕಾದ ಪ್ರಶ್ನೆ. ದೀರ್ಘಕಾಲ ಚೆನ್ನಾಗಿ ಉಳಿದ ಕೆಲವು ಚಾನೆಲ್‌ಗಳ ಪರಿಚಯ ಇಲ್ಲಿದೆ. ಅವು ಉಳಿದದ್ದು ಹೇಗೆ ಎಂಬ ವಿವರವೂ ಜೊತೆಗಿದೆ.

ಚಾನೆಲ್‌ಗಳು ಹಾಳಾಗುವುದೇಕೆ?

ಯೂಟ್ಯೂಬ್‌ಗೆ ಮೊದಲ ವಿಡಿಯೋ ಬಂದದ್ದು 2005ರ ಏಪ್ರಿಲ್ 23ರಂದು. ಸಹ ಸಂಸ್ಥಾಪಕ ಜಾವೇದ್ ಕರೀಂ ಸ್ಯಾನ್ ಡಿಯೇಗೋ ಮೃಗಾಲಯದಲ್ಲಿ ಆನೆಗಳ ಮುಂದೆ ನಿಂತು ಮಾತನಾಡಿದ 19 ಸೆಕೆಂಡಿನ ತುಣುಕು ಅದು. ಮರುವರ್ಷವೇ ಗೂಗಲ್ 165 ಕೋಟಿ ಡಾಲರ್‌ ಮೌಲ್ಯದ ಷೇರು ಕೊಟ್ಟು ಕಂಪನಿಯನ್ನು ಖರೀದಿಸಿತು. ಅಲ್ಲಿಂದ ಮುಂದೆ ವಿಡಿಯೋ ಮಾಡುವವರ ದಾರಿಯನ್ನು ಬಹುಮಟ್ಟಿಗೆ ತಿದ್ದಿದ್ದು ಯೂಟ್ಯೂಬ್‌ನ ನಿಯಮಗಳೇ.

ಮುಖ್ಯವಾಗಿ ನಾಲ್ಕು ತಿರುವುಗಳನ್ನು ಗಮನಿಸಬೇಕು.

* 2012ರಲ್ಲಿ ಯೂಟ್ಯೂಬ್ ಶಿಫಾರಸಿನ ಲೆಕ್ಕವನ್ನು ಬದಲಿಸಿತು. ಎಷ್ಟು ಜನ ಕ್ಲಿಕ್ ಮಾಡಿದರು ಎಂಬುದಕ್ಕಿಂತ ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಹೆಚ್ಚಿನ ತೂಕ ಬಂತು. ವಿಡಿಯೋಗಳು ಉದ್ದವಾಗತೊಡಗಿದವು.
* 2018ರ ಆರಂಭದಲ್ಲಿ ಜಾಹೀರಾತು ಹಣ ಬೇಕೆಂದರೆ 1,000 ಚಂದಾದಾರರು ಮತ್ತು 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ ಇರಲೇಬೇಕು ಎಂಬ ಷರತ್ತು ಬಂತು. ಸಣ್ಣ ಚಾನೆಲ್‌ಗಳು ಸಂಖ್ಯೆಯ ಹಿಂದೆ ಓಡಬೇಕಾಯಿತು.
* 2020ರ ಜುಲೈಯಲ್ಲಿ ವಿಡಿಯೋದ ನಡುವೆ ಜಾಹೀರಾತು ಹಾಕಲು ಬೇಕಾದ ಕನಿಷ್ಠ ಅವಧಿ 10 ನಿಮಿಷದಿಂದ 8 ನಿಮಿಷಕ್ಕೆ ಇಳಿಯಿತು. ಎಷ್ಟೋ ವಿಡಿಯೋಗಳು ಸರಿಯಾಗಿ ಎಂಟು ನಿಮಿಷ ದಾಟಿ ಮುಗಿಯುವುದರ ಗುಟ್ಟು ಇದೇ.
* ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾದ ಬೆನ್ನಲ್ಲೇ, ಶಾರ್ಟ್ಸ್ ಮೊದಲು ನಮ್ಮ ದೇಶದಲ್ಲೇ ಪ್ರಯೋಗಕ್ಕೆ ಬಂತು. ಈಗ ಒಂದೇ ಚಾನೆಲ್ ಉದ್ದದ್ದೂ ಮಾಡಬೇಕು, ಚಿಕ್ಕದ್ದೂ ಮಾಡಬೇಕು ಎಂಬ ಒತ್ತಡ.

ಇದರಲ್ಲಿ ಯಾರದೋ ದುರುದ್ದೇಶ ಹುಡುಕಬೇಕಿಲ್ಲ. ಮನೆ ಖರ್ಚು ಇದರಿಂದಲೇ ನಡೆಯಬೇಕೆಂದಾಗ ಲೆಕ್ಕಕ್ಕೆ ತಕ್ಕಂತೆ ವಿಡಿಯೋ ಬದಲಾಗುವುದು ಸಹಜ. ಈ ಸೆಳೆತಕ್ಕೆ ಸಿಗದೆ ಉಳಿದವರು ಏನು ಮಾಡಿದರು ಎಂಬುದೇ ನೋಡಬೇಕಾದ ಸಂಗತಿ.

ಪಾಠ ಹೇಳುವ ಚಾನೆಲ್‌ಗಳು

ಎನ್‌ಪಿಟಿಇಎಲ್: ಏಳು ಐಐಟಿಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಶುರು ಮಾಡಿದ ಯೋಜನೆ. ಕೇಂದ್ರ ಸರ್ಕಾರದ ಅನುದಾನದಿಂದ ನಡೆಯುತ್ತದೆ. ಇಲ್ಲಿ ಹಿನ್ನೆಲೆ ಸಂಗೀತವಿಲ್ಲ, ಗ್ರಾಫಿಕ್ಸ್ ಅಬ್ಬರವಿಲ್ಲ. ಪ್ರಾಧ್ಯಾಪಕರು ಬೋರ್ಡಿನ ಮುಂದೆ ನಿಂತು ಗಂಟೆಗಟ್ಟಲೆ ಪಾಠ ಮಾಡುತ್ತಾರೆ, ಅಷ್ಟೇ. ಐಐಟಿ ಮದ್ರಾಸಿನ ಪ್ರೊ. ವಿ. ಬಾಲಕೃಷ್ಣನ್ ಅವರ ಭೌತಶಾಸ್ತ್ರದ ಉಪನ್ಯಾಸಗಳನ್ನು ವಿದ್ಯಾರ್ಥಿಗಳು ಇಂದಿಗೂ ಹುಡುಕಿಕೊಂಡು ಬಂದು ನೋಡುತ್ತಾರೆ. ಪಾಠ ಉಚಿತ. ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯಲು ಮಾತ್ರ ಶುಲ್ಕ. ಕೆಲವು ಕೋರ್ಸ್‌ಗಳ ಪಠ್ಯವನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ತರುವ ಕೆಲಸವೂ ನಡೆದಿದೆ. ಸಣ್ಣ ಊರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವವರಿಗೆ ಐಐಟಿಯ ತರಗತಿ ಹೀಗೆ ಕೈಗೆಟುಕಿತು.

ಖಾನ್ ಅಕಾಡೆಮಿ: ಅಮೆರಿಕದಲ್ಲಿ ಹಣಕಾಸು ವಿಶ್ಲೇಷಕರಾಗಿದ್ದ ಸಲ್ಮಾನ್ ಖಾನ್ 2004ರಲ್ಲಿ ದೂರದ ಊರಿನಲ್ಲಿದ್ದ ಸಂಬಂಧಿ ಹುಡುಗಿಗೆ ಫೋನ್ ಮತ್ತು ಇಂಟರ್ನೆಟ್ ಮೂಲಕ ಗಣಿತ ಹೇಳಿಕೊಡಲು ಶುರು ಮಾಡಿದರು. 2006ರಲ್ಲಿ ಆ ಪಾಠಗಳು ಯೂಟ್ಯೂಬ್‌ಗೆ ಬಂದವು. 2009ರಲ್ಲಿ ಅವರು ಕೆಲಸ ಬಿಟ್ಟು ಪೂರ್ತಿ ಇದಕ್ಕೇ ನಿಂತರು. ಪರದೆಯ ಮೇಲೆ ಕಾಣುವುದು ಕಪ್ಪು ಹಲಗೆ ಮತ್ತು ಬಣ್ಣದ ಅಕ್ಷರ. ಹೇಳುವವರ ಮುಖ ಕಾಣುವುದಿಲ್ಲ, ಧ್ವನಿ ಮಾತ್ರ ಕೇಳುತ್ತದೆ. ಲಾಭದ ಉದ್ದೇಶವಿಲ್ಲದ ಸಂಸ್ಥೆಯಾಗಿ, ದೇಣಿಗೆಯಿಂದ ನಡೆಯುವುದರಿಂದ ವೀಕ್ಷಣೆಯ ಸಂಖ್ಯೆಗೆ ಅದು ಅಷ್ಟಾಗಿ ತಲೆಬಾಗಬೇಕಾಗಿಲ್ಲ. ಇದರ ಜಾಲತಾಣಕ್ಕೆ ಕನ್ನಡ ಆವೃತ್ತಿಯೂ ಇದೆ.

ಅರವಿಂದ್ ಗುಪ್ತಾ ಅವರ ಆಟಿಕೆ ವಿಡಿಯೋಗಳು: ಪುಣೆಯ ಓದುಗರಿಗೆ ಈ ಹೆಸರು ಹೊಸದಲ್ಲ. ಐಐಟಿ ಕಾನ್ಪುರದಲ್ಲಿ ಓದಿದ ಗುಪ್ತಾ, ಪುಣೆಯ ಐಯುಸಿಎಎ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ಹಳೆ ಪೇಪರ್, ಸ್ಟ್ರಾ, ಬೆಂಕಿಪೊಟ್ಟಣ, ಸೈಕಲ್ ವಾಲ್ವ್ ಟ್ಯೂಬ್‌ನಂಥ ಬೇಡದ ವಸ್ತುಗಳಿಂದ ಆಟಿಕೆ ಮಾಡಿ ವಿಜ್ಞಾನ ತಿಳಿಸುವುದು ಅವರ ರೀತಿ. ಪುಟ್ಟ ಪುಟ್ಟ ವಿಡಿಯೋಗಳು ಹಲವು ಭಾರತೀಯ ಭಾಷೆಗಳಲ್ಲಿವೆ. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ರಜೆಯಲ್ಲಿ ಮಕ್ಕಳ ಕೈಗೆ ಮೊಬೈಲ್ ಕೊಡಲೇಬೇಕೆಂದಿದ್ದರೆ ಇಲ್ಲಿಂದ ಶುರು ಮಾಡಬಹುದು. ವಿಡಿಯೋ ಮುಗಿದ ಮೇಲೆ ಮಗು ಮೊಬೈಲ್ ಬದಿಗಿಟ್ಟು ಕತ್ತರಿ, ಅಂಟು ಹುಡುಕುತ್ತದೆ.

ವಿಜ್ಞಾನ, ಗಣಿತ

ಪೀರಿಯಾಡಿಕ್ ವಿಡಿಯೋಸ್: ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರು ಮತ್ತು ಪತ್ರಕರ್ತರಾಗಿದ್ದ ಬ್ರೇಡಿ ಹರನ್ ಸೇರಿ 2008ರಲ್ಲಿ ಆರಂಭಿಸಿದ ಚಾನೆಲ್. 118 ಮೂಲವಸ್ತುಗಳಿಗೆ ಒಂದೊಂದು ವಿಡಿಯೋ ಮಾಡುವುದು ಮೊದಲ ಗುರಿ. ಅದು ಮುಗಿದ ಮೇಲೂ ಚಾನೆಲ್ ನಿಲ್ಲಲಿಲ್ಲ, ಹಳೆಯ ವಿಡಿಯೋಗಳನ್ನು ಹೊಸ ಪ್ರಯೋಗಗಳೊಂದಿಗೆ ಮತ್ತೆ ಮಾಡುತ್ತ ಬಂದಿದೆ. ಕೆದರಿದ ಬಿಳಿಕೂದಲಿನ ಪ್ರೊ. ಮಾರ್ಟಿನ್ ಪೊಲಿಯಾಕಾಫ್ ನಿಧಾನವಾಗಿ, ಕುತೂಹಲದಿಂದ ವಿವರಿಸುವ ರೀತಿಯೇ ಇದರ ಆಕರ್ಷಣೆ.

ತ್ರೀಬ್ಲೂಒನ್‌ಬ್ರೌನ್: ಗ್ರಾಂಟ್ ಸ್ಯಾಂಡರ್ಸನ್ 2015ರಲ್ಲಿ ಶುರು ಮಾಡಿದ ಗಣಿತದ ಚಾನೆಲ್. ಚಿತ್ರಗಳನ್ನು ಚಲಿಸುವಂತೆ ಮಾಡಲು ಅವರು ತಾವೇ ಒಂದು ಸಾಫ್ಟ್‌ವೇರ್ ಬರೆದುಕೊಂಡು, ಅದನ್ನು ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟರು. ವಾರಕ್ಕೊಂದು ವಿಡಿಯೋ ಹಾಕಬೇಕೆಂಬ ಹಟ ಅವರಿಗಿಲ್ಲ. ಸಿದ್ಧವಾದಾಗ ಬರುತ್ತದೆ. ಎಂಜಿನಿಯರಿಂಗ್ ಮೊದಲ ವರ್ಷದವರು ಲೀನಿಯರ್ ಆಲ್ಜೀಬ್ರಾ ಸರಣಿಯನ್ನು ನೋಡಬೇಕು.

ಕುರ್ಟ್ಸ್‌ಗೆಸಾಗ್ಟ್: ಜರ್ಮನಿಯ ಮ್ಯೂನಿಕ್‌ನಿಂದ 2013ರಿಂದ ಬರುತ್ತಿರುವ ಅನಿಮೇಷನ್ ಚಾನೆಲ್. ಹೆಸರಿನ ಅರ್ಥ ಚುಟುಕಾಗಿ ಹೇಳುವುದಾದರೆ ಎಂದು. 2019ರಲ್ಲಿ ಈ ತಂಡ ತನ್ನದೇ ಎರಡು ಜನಪ್ರಿಯ ವಿಡಿಯೋಗಳು ತನ್ನ ಈಗಿನ ಮಟ್ಟಕ್ಕೆ ತಕ್ಕಂತಿಲ್ಲ ಎಂದು ಬಹಿರಂಗವಾಗಿ ಹೇಳಿ ತೆಗೆದುಹಾಕಿತು. ವ್ಯಸನ ಮತ್ತು ಯುರೋಪಿನ ನಿರಾಶ್ರಿತರ ಬಿಕ್ಕಟ್ಟು ಅವುಗಳ ವಿಷಯ. ಲಕ್ಷಗಟ್ಟಲೆ ವೀಕ್ಷಣೆ ತರುವ ವಿಡಿಯೋ ಬಿಡುವುದೆಂದರೆ ಬರುವ ದುಡ್ಡನ್ನೇ ಬಿಟ್ಟಂತೆ. ನಂಬಿಕೆ ಉಳಿಯುವುದು ಇಂಥ ನಿರ್ಧಾರಗಳಿಂದಲೇ.

ಪ್ರಿಮಿಟಿವ್ ಟೆಕ್ನಾಲಜಿ: ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕಾಡಿನಲ್ಲಿ ಜಾನ್ ಪ್ಲಾಂಟ್ ಎಂಬವರು ಮಣ್ಣು, ಕಲ್ಲು, ಕಟ್ಟಿಗೆ ಬಿಟ್ಟು ಬೇರೇನೂ ಬಳಸದೆ ಗುಡಿಸಲು, ಕುಲುಮೆ, ಹೆಂಚು ಮಾಡುತ್ತಾರೆ. 2015ರಲ್ಲಿ ಶುರುವಾದ ಈ ಚಾನೆಲ್‌ನಲ್ಲಿ ಒಂದು ಮಾತಿಲ್ಲ, ಸಂಗೀತವಿಲ್ಲ. ಸಬ್‌ಟೈಟಲ್ ಆನ್ ಮಾಡಿದರೆ ಪ್ರತಿ ಹಂತದ ವಿವರಣೆ ಸಿಗುತ್ತದೆ. ಇದು ಎಷ್ಟೋ ಜನರಿಗೆ ಗೊತ್ತಿಲ್ಲ. ಇದನ್ನು ನಕಲು ಮಾಡಿದ ಚಾನೆಲ್‌ಗಳು ಕಾಡಿನಲ್ಲಿ ಈಜುಕೊಳ ಕಟ್ಟುವ ಮಟ್ಟಕ್ಕೆ ಹೋದವು, ಯಂತ್ರ ಬಳಸಿ ಕೈಕೆಲಸವೆಂದು ತೋರಿಸಿದ ಆರೋಪವನ್ನೂ ಎದುರಿಸಿದವು. ಪ್ಲಾಂಟ್ ಮಾತ್ರ ತಮ್ಮ ಮಣ್ಣಿನ ಕುಲುಮೆ ಬಿಟ್ಟು ಕದಲಲಿಲ್ಲ.

ಅಡುಗೆ ಮನೆ

ಅಡುಗೆ ಚಾನೆಲ್‌ಗಳಲ್ಲಿ ಹಳಬರೆಂದರೆ ಹೈದರಾಬಾದಿನ ಸಂಜಯ್ ತುಮ್ಮ. ವಾಹ್‌ಶೆಫ್ ಎಂದೇ ಹೆಸರಾದ ಇವರು 2007ರಿಂದ ವಿಡಿಯೋ ಮಾಡುತ್ತಿದ್ದಾರೆ. ಮಸಾಲೆ ಹುರಿಯುವಾಗ ಏಕೆ ಹಾಗೆ ಮಾಡಬೇಕು ಎಂಬ ಕಾರಣ ಹೇಳುವುದು ಇವರ ಅಭ್ಯಾಸ. ದೆಹಲಿ ಬಳಿಯ ನೋಯ್ಡಾದ ನಿಶಾ ಮಧುಲಿಕಾ ಹಿಂದಿಯಲ್ಲಿ ಸಸ್ಯಾಹಾರಿ ಅಡುಗೆಯನ್ನು ಸಮಾಧಾನದ ಧ್ವನಿಯಲ್ಲಿ ಹೇಳಿಕೊಡುತ್ತಾರೆ.

ಉಡುಪಿ ಮೂಲದ ಅರ್ಚನಾ ಹೆಬ್ಬಾರ್ ಅವರ ಹೆಬ್ಬಾರ್ಸ್ ಕಿಚನ್ ಆಸ್ಟ್ರೇಲಿಯಾದಿಂದ ಬೆಳೆದ ಚಾನೆಲ್. ಮಾತಿಲ್ಲದೆ, ಅಳತೆಯನ್ನು ಪರದೆಯ ಮೇಲೆ ಬರೆದು, ಕೈ ಮತ್ತು ಪಾತ್ರೆ ಮಾತ್ರ ತೋರಿಸಿದ ಚುಟುಕು ವಿಡಿಯೋಗಳಿಂದ ಹೆಸರಾಯಿತು. ಭಾಷೆ ಗೊತ್ತಿಲ್ಲದವರೂ ನೋಡಿ ಕಲಿಯಬಹುದಾದ್ದರಿಂದ ಕರ್ನಾಟಕದ ಅಡುಗೆ ದೇಶದ ಎಲ್ಲ ಮೂಲೆಗೂ ಹೋಯಿತು. ಕರಾವಳಿಯ ಸಸ್ಯಾಹಾರಿ ಅಡುಗೆಯನ್ನು ಅಲ್ಲಿಯದೇ ಕನ್ನಡದಲ್ಲಿ ಕೇಳಬೇಕೆಂದರೆ ಭಟ್ ಎನ್ ಭಟ್ ಇದೆ. ಹಲಸು, ಕೆಸುವು, ಬಾಳೆದಿಂಡು ಹೇಗೆ ಬಳಸಬೇಕೆಂದು ಕೇಳಲು ಮನೆಯಲ್ಲಿ ಹಿರಿಯರಿಲ್ಲದವರಿಗೆ ಇದು ದೊಡ್ಡ ಆಸರೆ.

ತಮಿಳುನಾಡಿನ ಪುದುಕ್ಕೋಟೈ ಜಿಲ್ಲೆಯ ಹಳ್ಳಿಯೊಂದರಿಂದ 2018ರಲ್ಲಿ ಶುರುವಾದ ವಿಲೇಜ್ ಕುಕಿಂಗ್ ಚಾನೆಲ್‌ನಲ್ಲಿ ಅಜ್ಜ ಮತ್ತು ಮೊಮ್ಮಕ್ಕಳು ಬಯಲಿನಲ್ಲಿ ಒಲೆ ಹೂಡಿ ನೂರಾರು ಜನರಿಗೆ ಬೇಯಿಸುತ್ತಾರೆ. 2021ರಲ್ಲಿ ಒಂದು ಕೋಟಿ ಚಂದಾದಾರರನ್ನು ಮುಟ್ಟಿದಾಗ ಮುಖ್ಯಮಂತ್ರಿ ಕೋವಿಡ್ ಪರಿಹಾರ ನಿಧಿಗೆ 10 ಲಕ್ಷ ರೂಪಾಯಿ ಕೊಟ್ಟರು. ಹೆಸರು ಬಂದ ಮೇಲೂ ಹೊಲ, ಒಲೆ, ಅಜ್ಜ ಯಾವುದೂ ಬದಲಾಗಲಿಲ್ಲ.

ಮಕ್ಕಳ ಕಿವಿಗೆ ಕನ್ನಡ

ದೂರದರ್ಶನ ಚಂದನದಲ್ಲಿ 2002ರಿಂದ ಪ್ರಸಾರವಾಗುತ್ತಿರುವ ಥಟ್ ಅಂತ ಹೇಳಿ ಕ್ವಿಜ್‌ನ ಕಂತುಗಳು ಯೂಟ್ಯೂಬ್‌ನಲ್ಲೂ ಸಿಗುತ್ತವೆ. ವೈದ್ಯ, ಲೇಖಕ ಡಾ. ನಾ. ಸೋಮೇಶ್ವರ ಅವರೇ ಸಾವಿರಾರು ಕಂತುಗಳನ್ನು ನಡೆಸಿಕೊಟ್ಟಿದ್ದಾರೆ. ಸರಿಯುತ್ತರಕ್ಕೆ ಬಹುಮಾನ ಕನ್ನಡ ಪುಸ್ತಕ. ಶುದ್ಧವಾದ, ಆದರೆ ಗಡಸಲ್ಲದ ಕನ್ನಡ ಮಕ್ಕಳ ಕಿವಿಗೆ ಬೀಳಬೇಕೆಂದರೆ ರಾತ್ರಿ ಊಟದ ಹೊತ್ತಿಗೆ ಒಂದು ಕಂತು ಹಾಕಿ ಎಲ್ಲರೂ ಕೂತು ಉತ್ತರ ಹೇಳಬಹುದು. ಸ್ವಲ್ಪ ದೊಡ್ಡ ಮಕ್ಕಳಿಗೆ ‘ನಮಸ್ಕಾರ ದೇವ್ರು’ ಎನ್ನುತ್ತ ದೇಶ ಸುತ್ತುವ ಡಾ. ಬ್ರೋ, ಅಂದರೆ ಗಗನ್ ಶ್ರೀನಿವಾಸ್ ಅವರ ಆಡುಮಾತಿನ ಕನ್ನಡ ಇಷ್ಟವಾಗುತ್ತದೆ. ಅಫ್ಘಾನಿಸ್ತಾನದಂಥ ದೇಶದ ಬೀದಿಯನ್ನು ಕನ್ನಡದಲ್ಲೇ ನೋಡುವ ಅವಕಾಶ ಹಿಂದಿನ ತಲೆಮಾರಿಗೆ ಇರಲಿಲ್ಲ.

ಇವುಗಳಲ್ಲಿ ಸಮಾನವಾದದ್ದೇನು?

ವಿಷಯ, ಭಾಷೆ, ದೇಶ ಬೇರೆಯಾದರೂ ಈ ಚಾನೆಲ್‌ಗಳಲ್ಲಿ ಮೂರು ಗುಣ ಮತ್ತೆ ಮತ್ತೆ ಕಾಣುತ್ತವೆ.

1. ತಾವು ಏನು ಮಾಡುತ್ತೇವೆ, ಏನು ಮಾಡುವುದಿಲ್ಲ ಎಂಬ ಗೆರೆ ಅವರಿಗೆ ಗೊತ್ತು. ಅಡುಗೆಯವರು ಸಿನಿಮಾ ಗಾಸಿಪ್‌ಗೆ ಹೋಗುವುದಿಲ್ಲ, ಗಣಿತದವರು ಪ್ರತಿದಿನದ ಟ್ರೆಂಡ್ ಹಿಡಿಯುವುದಿಲ್ಲ.
2. ಬಹಳಷ್ಟು ಚಾನೆಲ್‌ಗಳ ಹಣ ಬರೀ ವೀಕ್ಷಣೆಯಿಂದ ಬರುವುದಿಲ್ಲ. ಸರ್ಕಾರಿ ಅನುದಾನ, ವಿಶ್ವವಿದ್ಯಾಲಯ, ದೇಣಿಗೆ, ನೋಡುಗರ ನೇರ ನೆರವು ಬೆನ್ನಿಗಿದ್ದಾಗ ಒಂದು ವಿಡಿಯೋ ಓಡದಿದ್ದರೂ ದಾರಿ ಬದಲಿಸಬೇಕಾಗುವುದಿಲ್ಲ.
3. ಹಳೆಯದನ್ನು ತಿದ್ದಲು, ಅಗತ್ಯ ಬಿದ್ದರೆ ನಿಲ್ಲಿಸಲು ಅವರು ಹಿಂಜರಿಯುವುದಿಲ್ಲ. ಬ್ರಿಟನ್ನಿನ ಟಾಮ್ ಸ್ಕಾಟ್ ಹತ್ತು ವರ್ಷ ವಾರಕ್ಕೊಂದರಂತೆ ವಿಡಿಯೋ ಹಾಕಿ, 2024ರ ಜನವರಿ 1ರಂದು ಆ ಸರಣಿಗೆ ವಿರಾಮ ಹೇಳಿದರು. ದಣಿದು ಗುಣಮಟ್ಟ ಇಳಿಸುವುದಕ್ಕಿಂತ ಅದು ಮೇಲು.

ಹೊಸ ಚಾನೆಲ್ ನಂಬುವ ಮುನ್ನ

* ಚಾನೆಲ್‌ನ ವಿಡಿಯೋ ಪಟ್ಟಿಯನ್ನು ಹಳೆಯದು ಮೊದಲು ಬರುವಂತೆ ಜೋಡಿಸಿ. ಮೊದಲಿನದೊಂದು, ನಡುವಿನದೊಂದು, ಈಚಿನದೊಂದು ನೋಡಿ. ಏರಿದೆಯೋ ಇಳಿದಿದೆಯೋ ಅಲ್ಲೇ ಗೊತ್ತಾಗುತ್ತದೆ.
* ಶೀರ್ಷಿಕೆಯಲ್ಲಿ ಕೇಳಿದ ಪ್ರಶ್ನೆಗೆ ವಿಡಿಯೋದಲ್ಲಿ ಉತ್ತರ ಸಿಕ್ಕಿತೇ ನೋಡಿ. ಮೂರು ಸಲ ಸಿಗದಿದ್ದರೆ ಬಿಟ್ಟುಬಿಡಿ.
* ಆರೋಗ್ಯ, ಷೇರು, ಸಾಲದ ಸಲಹೆ ಇದ್ದರೆ ಹೇಳುವವರ ವಿದ್ಯಾರ್ಹತೆ ಮತ್ತು ಮಾಹಿತಿಯ ಮೂಲ ವಿವರಣೆಯಲ್ಲಿ ಇದೆಯೇ ಪರಿಶೀಲಿಸಿ. ಪ್ರಾಯೋಜಕರ ಹೆಸರನ್ನು ಮುಚ್ಚಿಡುವ ಚಾನೆಲ್ ಬೇಡ.
* ಬೇಡದ ಚಾನೆಲ್ ಪದೇ ಪದೇ ಬರುತ್ತಿದ್ದರೆ ವಿಡಿಯೋ ಪಕ್ಕದ ಮೂರು ಚುಕ್ಕೆ ಒತ್ತಿ ಅದನ್ನು ಶಿಫಾರಸು ಮಾಡಬೇಡಿ ಎಂದು ಸೂಚಿಸಿ.
* ಮಕ್ಕಳಿಗೆ ಹುಡುಕಾಟಕ್ಕೆ ಬಿಡುವ ಬದಲು ನೀವೇ ಆರಿಸಿದ ವಿಡಿಯೋಗಳ ಪ್ಲೇಲಿಸ್ಟ್ ಮಾಡಿ ಕೊಡಿ. ಆಟೋಪ್ಲೇ ಆಫ್ ಮಾಡಿ.

ಇಷ್ಟವಾದ ಚಾನೆಲ್‌ಗೆ ನೋಡುಗರೂ ಮಾಡಬಹುದಾದ ಕೆಲಸವಿದೆ. ಚಂದಾದಾರರಾಗಿ, ವಿಡಿಯೋವನ್ನು ಪೂರ್ತಿ ನೋಡಿ, ತುಣುಕು ಕತ್ತರಿಸಿ ವಾಟ್ಸ್‌ಆ್ಯಪ್‌ಗೆ ಹಾಕುವ ಬದಲು ಲಿಂಕ್ ಕಳಿಸಿ. ಇಂಗ್ಲಿಷ್, ಹಿಂದಿ ಚಾನೆಲ್‌ಗಳಿಗೆ ನೋಡುಗರ ಕೊರತೆಯಿಲ್ಲ. ಕನ್ನಡದಲ್ಲಿ ಶ್ರದ್ಧೆಯಿಂದ ವಿಡಿಯೋ ಮಾಡುವ ಸಣ್ಣ ಚಾನೆಲ್‌ಗೆ 1,000 ಚಂದಾದಾರರ ಗಡಿ ದಾಟುವುದೇ ಹರಸಾಹಸ. ಹೊರರಾಜ್ಯದಲ್ಲಿ ಕೂತು ನೀವು ಒತ್ತುವ ಒಂದು ಸಬ್‌ಸ್ಕ್ರೈಬ್ ಬಟನ್‌ಗೆ ಅಲ್ಲಿ ನಿಜವಾದ ಬೆಲೆಯಿದೆ.