ಚಿತ್ರಕ್ಕಿಂತ ಮೊದಲು ಬರುವ ಮಾತು

ಕಲಾಸಂಗ್ರಹಾಲಯದ ಗೋಡೆಯಲ್ಲಿ ಚಿತ್ರದ ಪಕ್ಕಕ್ಕಿರುವ ಪರಿಚಯ ಫಲಕವು ನಮ್ಮ ನೋಟವನ್ನು ಹೇಗೆ ತಿದ್ದುತ್ತದೆ ಎಂಬುದನ್ನು ಅರಿಯಲು ಫಿಲಡೆಲ್ಫಿಯಾ ತಕ್ಕ ಊರು.

ಥಾಮಸ್ ಈಕಿನ್ಸ್ 1875ರಲ್ಲಿ ರಚಿಸಿದ 'ದಿ ಗ್ರಾಸ್ ಕ್ಲಿನಿಕ್' ಇಲ್ಲಿಯ ಹೆಮ್ಮೆಯ ಕೃತಿ. ಶಸ್ತ್ರವೈದ್ಯ ಸ್ಯಾಮ್ಯುಯೆಲ್ ಗ್ರಾಸ್ ರಕ್ತಸಿಕ್ತ ಕೈಯಲ್ಲಿ ಕತ್ತಿ ಹಿಡಿದು ನಿಂತಿದ್ದಾರೆ. ರೋಗಿಯ ಸೋಂಕು ತಗುಲಿದ ತೊಡೆಮೂಳೆಗೆ ಚಿಕಿತ್ಸೆ ನಡೆದಿದೆ. 1876ರ ಶತಮಾನೋತ್ಸವ ಪ್ರದರ್ಶನದ ಕಲಾವಿಭಾಗವು ಇದನ್ನು ತಿರಸ್ಕರಿಸಿತು. ಕೊನೆಗೆ ಅದು ಪ್ರದರ್ಶನದ ಅಂಗವಾಗಿದ್ದ ಸೇನಾ ಆಸ್ಪತ್ರೆಯ ಮಾದರಿಯೊಳಗೆ, ಹಾಸಿಗೆಗಳ ಸಾಲಿನ ಬಳಿ ತೂಗಿತು. ಅಲ್ಲಿ ಬೇರೆ ಪರಿಚಯವೇ ಬೇಕಿರಲಿಲ್ಲ: ಇದು ಕಲೆಯಲ್ಲ, ವೈದ್ಯಕೀಯ ಸಾಮಗ್ರಿ ಎಂದು ಆ ಸ್ಥಳವೇ ಸಾರುತ್ತಿತ್ತು. 2007ರಲ್ಲಿ ನಗರದ ಎರಡು ಕಲಾಸಂಸ್ಥೆಗಳು ಅದೇ ಚಿತ್ರವನ್ನು ಜಂಟಿಯಾಗಿ 6.8 ಕೋಟಿ ಡಾಲರಿಗೆ ಕೊಂಡವು.

ನಾನು ಈ ಚಿತ್ರವನ್ನು ಮೊದಲು ನೋಡಿದ್ದು ಸಾಕಷ್ಟು ಓದಿಕೊಂಡ ಮೇಲೆ. ಕೈಗವಸಿಲ್ಲ, ಎಲ್ಲರೂ ಕರಿಯ ಕೋಟಿನಲ್ಲಿದ್ದಾರೆ, ಲಿಸ್ಟರನ ನಂಜುನಿರೋಧಕ ಪದ್ಧತಿಯನ್ನು ಗ್ರಾಸ್ ಇನ್ನೂ ಒಪ್ಪಿರಲಿಲ್ಲ: ಇವನ್ನೇ ಹುಡುಕಿದೆ, ಇವೇ ಕಂಡವು. ಜೊತೆಗೆ ಬಂದಿದ್ದ ನನ್ನ ತಾಯಿಗೆ ಇಂಗ್ಲಿಷ್ ಬಾರದು. ಬಹಳ ಹೊತ್ತು ಸುಮ್ಮನೆ ನಿಂತಿದ್ದು, "ಅಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಾಳಲ್ಲ, ಅವಳು ಹೆತ್ತವಳೇನೋ?" ಎಂದರು. ಎಡಬದಿಯ ಆ ಹೆಂಗಸನ್ನು ರೋಗಿಯ ತಾಯಿಯೆಂದೇ ಸಾಮಾನ್ಯವಾಗಿ ಗುರುತಿಸುತ್ತಾರೆ. ನಾನೂ ಅದನ್ನು ಓದಿದ್ದೆ. ಆದರೆ ಅವಳನ್ನು ನೋಡಿರಲಿಲ್ಲ.

ವೈದ್ಯರಿಗೆ ಈ ತಪ್ಪು ಹೊಸದಲ್ಲ. ಕಡತದಲ್ಲಿ ಬೇರೊಬ್ಬರು ಬರೆದ ರೋಗನಿರ್ಣಯವನ್ನು ಮೊದಲು ಓದಿದರೆ, ರೋಗಿಯ ಮೈಯಲ್ಲಿ ಅದಕ್ಕೊಪ್ಪುವ ಲಕ್ಷಣಗಳೇ ಕೈಗೆ ಸಿಗುತ್ತವೆ. ಹಾಗೆಂದು ಕಡತವನ್ನು ಎಸೆಯಲಾದೀತೆ?

ಎಸೆದವರೊಬ್ಬರು ಇದೇ ಊರಿನಲ್ಲಿದ್ದರು, ಅವರೂ ವೈದ್ಯಶಿಕ್ಷಣ ಪಡೆದವರೇ. ನಂಜುನಿರೋಧಕ ಔಷಧಿ ಮಾರಿ ಸಿರಿವಂತರಾದ ಆಲ್ಬರ್ಟ್ ಬಾರ್ನ್ಸ್ ತಮ್ಮ ಸಂಗ್ರಹದ ಗೋಡೆಗಳಲ್ಲಿ ವಿವರಣೆ ಇರಗೊಡಲಿಲ್ಲ. ರೆನ್ವಾರನ 181 ಚಿತ್ರಗಳುಳ್ಳ ಆ ಸಂಗ್ರಹದಲ್ಲಿ ವರ್ಣಚಿತ್ರಗಳ ನಡುವೆ ಕಬ್ಬಿಣದ ತಿರುಗಣಿ, ಬೀಗದ ತಗಡುಗಳನ್ನು ಬಾರ್ನ್ಸ್ ತಾವೇ ಹೊಂದಿಸಿದರು. 2012ರಲ್ಲಿ ಸಂಗ್ರಹವು ಹೊಸ ಕಟ್ಟಡಕ್ಕೆ ಬಂದಾಗಲೂ ಆ ಜೋಡಣೆಯನ್ನು ಹಾಗೆಯೇ ಉಳಿಸಿಕೊಂಡರು. ಆದರೆ ಈ ಮೌನವನ್ನು ನಾನು ಪೂರ್ತಿ ನಂಬುವುದಿಲ್ಲ. ಯಾವುದರ ಪಕ್ಕದಲ್ಲಿ ಯಾವುದು ಎಂಬ ಆ ಹಟದ ಜೋಡಣೆ ಯಾವ ಫಲಕಕ್ಕಿಂತಲೂ ಗಟ್ಟಿಯಾಗಿ ಮಾತನಾಡುತ್ತದೆ.

ಈಗ ನಾನು ಕೋಣೆಯನ್ನು ಎರಡು ಬಾರಿ ಸುತ್ತುತ್ತೇನೆ. ಓದುವ ಕನ್ನಡಕ ಮೊದಲ ಸುತ್ತಿನಲ್ಲಿ ಜೇಬಿನಲ್ಲೇ ಇರುತ್ತದೆ.