ದುರ್ಬೀನು ಎಷ್ಟು ಪಟ್ಟು ಇರಬೇಕು?

‘ಎನಿಮಿ ಅಟ್ ದ ಗೇಟ್ಸ್’ ಸಿನಿಮಾ ನೋಡಿದವರಿಗೆಲ್ಲ ಸ್ಟಾಲಿನ್‌ಗ್ರಾಡ್‌ನ ವಾಸಿಲಿ ಝೈತ್ಸೆವ್ ಗೊತ್ತು. ನನ್ನ ತಲೆಯಲ್ಲಿ ಹುಳ ಬಿಟ್ಟಿದ್ದು ಅವನಲ್ಲ, ಕೋವಿಯ ಮೇಲಿನ ದುರ್ಬೀನು. ಆ ಯುದ್ಧದ ಬಹುಪಾಲು ಸ್ಕೋಪುಗಳಿಗೆ ನಮ್ಮ ಕ್ಯಾಮೆರಾದ ಹಾಗೆ ಜೂಮ್ ಇರಲಿಲ್ಲ. ಮೂರೂವರೆ ಪಟ್ಟು ಅಂದರೆ ಮೂರೂವರೆ, ಅಷ್ಟೇ. ಹಾಗಾದ್ರೆ ಮೂರೂವರೆಯೇ ಯಾಕೆ?

ಜಾಸ್ತಿ ದೊಡ್ಡದಾಗಿ ಕಂಡರೆ ಒಳ್ಳೇದಲ್ವಾ ಅನ್ನಿಸುತ್ತೆ. ಲೆಕ್ಕ ಹಾಗಿಲ್ಲ. ಮುಂದಿನ ಗಾಜಿನ ವ್ಯಾಸವನ್ನು ಪಟ್ಟಿನಿಂದ ಭಾಗಿಸಿದರೆ ಕಣ್ಣಿಗೆ ಬಂದು ತಲುಪುವ ಬೆಳಕಿನ ಅಗಲ ಸಿಗುತ್ತದೆ. ರಷ್ಯನ್ನರ ‘ಪಿಯು’ ಸ್ಕೋಪಿನ ಗಾಜು 21 ಮಿ.ಮೀ., ಹಿಗ್ಗಿಸುವುದು 3.5 ಪಟ್ಟು. ಅಂದರೆ 6 ಮಿ.ಮೀ. ಕತ್ತಲಲ್ಲಿ ನಮ್ಮ ಕಣ್ಣಿನ ಪಾಪೆ ಅರಳುವುದೂ ಹೆಚ್ಚುಕಡಿಮೆ ಅಷ್ಟೇ! ಅದೇ ಗಾಜಿಗೆ ಎಂಟು ಪಟ್ಟು ಕೊಟ್ಟಿದ್ದರೆ 2.6 ಮಿ.ಮೀ., ಮುಸ್ಸಂಜೆಗೆ ಎಲ್ಲ ಮಬ್ಬು. ಜೊತೆಗೆ ನೋಟದ ಹರವು ಕಿರಿದಾಗುತ್ತದೆ, ಕೈನಡುಕವೂ ಎಂಟು ಪಟ್ಟಾಗುತ್ತದೆ. ಪಿಯು ಮೊದಲು ಹುಟ್ಟಿದ್ದು ಎಸ್‌ವಿಟಿ-40 ಎಂಬ ಬೇರೆಯೇ ಕೋವಿಗೆ. 1942ರಲ್ಲಿ ಅದನ್ನು ಹಳೇ ಮೋಸಿನ್-ನಾಗಾಂತ್ ಮೇಲೆ ಕೂರಿಸಿದರು. ಗಿಡ್ಡ, ಗಟ್ಟಿ, ಫೋಕಸ್ ತಿರುಗಿಸುವ ರಗಳೆಯೂ ಇಲ್ಲ. ಅವಸರದಲ್ಲಿ ರಾಶಿರಾಶಿ ಮಾಡಬೇಕಾದ ವಸ್ತು ಹಾಗೇ ಇರಬೇಕು.

ಜರ್ಮನ್ನರದ್ದು ತಮಾಷೆ. ಗಾಜಿನ ಕೆಲಸದಲ್ಲಿ ಜಗತ್ತಿಗೇ ಗುರುಗಳಾದ ಅವರು ‘ಝಡ್‌ಎಫ್ 41’ ಅಂತ ಬರೀ ಒಂದೂವರೆ ಪಟ್ಟಿನ ಸ್ಕೋಪನ್ನು ಲಕ್ಷಗಟ್ಟಲೆ ಸೈನಿಕರ ಕೋವಿಗೆ ಹೊಂದುವಂತೆ ಯೋಚಿಸಿದರು. ಅದನ್ನು ಕಣ್ಣಿನಿಂದ ದೂರ, ನಳಿಗೆಯ ಮೇಲೆ ಕೂರಿಸುತ್ತಿದ್ದರು. ಗುಂಡು ತುಂಬಲು ಅಡ್ಡಿಯಾಗುತ್ತಿರಲಿಲ್ಲ. ಕಾಗದದ ಮೇಲೆ ಜಾಣತನವೇ. ಆದರೆ ಅಷ್ಟು ದೂರದ ಪುಟ್ಟ ತೂತಿನಿಂದ ನೋಡುವುದು ಊದುಗೊಳವೆಯಲ್ಲಿ ಇಣುಕಿದ ಹಾಗೆ. ನಿಜವಾದ ಗುರಿಕಾರರು ನಾಲ್ಕು ಪಟ್ಟಿನ ಬೇಟೆ ಸ್ಕೋಪುಗಳನ್ನೇ ಇಷ್ಟಪಟ್ಟರು. ಎಲ್ಲರಿಗೂ ಆಗಲಿ ಅಂತ ಮಾಡಿದ್ದು ಯಾರಿಗೂ ಆಗದೇ ಹೋಗೋದು ನಮ್ಮ ಸಾಫ್ಟ್‌ವೇರ್‌ನವರಿಗೆ ಹೊಸದಲ್ಲ ಬಿಡಿ :-)

ಇನ್ನೊಂದು ತುದಿಯಲ್ಲಿ ಅಮೆರಿಕದ ಮರೀನ್‌ಗಳು. ಅವರ ಉನರ್ಟಲ್ ಸ್ಕೋಪು ಎಂಟು ಪಟ್ಟು, ಉದ್ದ ಸುಮಾರು ಎರಡು ಅಡಿ! ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುತ್ತೆ, ಸ್ಕೋಪಿನ ಕೊಳವೆ ಇದ್ದಲ್ಲೇ ಉಳಿಯುತ್ತೆ. ಪ್ರತಿ ಸಲ ಕೈಯಿಂದ ಹಿಂದಕ್ಕೆ ಎಳೆದುಕೊಳ್ಳಬೇಕು. ಗುಡ್ಡದ ಮೇಲೆ ಮಲಗಿ ದೂರದ ಬಯಲು ಕಾಯುವವನಿಗೆ ಸರಿ. ವಿಯೆಟ್ನಾಮಿನಲ್ಲಿ ಕಾರ್ಲೋಸ್ ಹ್ಯಾತ್‌ಕಾಕ್ ಬಳಸಿದ್ದೂ ಇದನ್ನೇ. ಪಾಳುಬಿದ್ದ ಸ್ಟಾಲಿನ್‌ಗ್ರಾಡ್‌ನ ಗಲ್ಲಿಗಳಲ್ಲಿ ಇದನ್ನು ಹೊತ್ತು ತೆವಳುವುದನ್ನು ಊಹಿಸಿ ನೋಡಿ.

ಇಷ್ಟೆಲ್ಲ ಲೆಕ್ಕವನ್ನು ಬುಡಮೇಲು ಮಾಡುವವನು ಫಿನ್ಲೆಂಡಿನ ಸಿಮೋ ಹಾಯ್ಹಾ. 1939-40ರ ಚಳಿಗಾಲದ ಯುದ್ಧದಲ್ಲಿ ಅವನು ಸ್ಕೋಪೇ ಬಳಸಲಿಲ್ಲ. ಬರೀ ಕಬ್ಬಿಣದ ಗುರಿಮಣಿ. ಸ್ಕೋಪಿದ್ದರೆ ತಲೆ ಒಂದಿಷ್ಟು ಮೇಲೆತ್ತಬೇಕು, ಗಾಜು ಹೊಳೆಯುತ್ತದೆ, ಆ ಚಳಿಗೆ ಮಂಜು ಕಟ್ಟುತ್ತದೆ. ಅವನ ಹೆಸರಿನಲ್ಲಿ ಐನೂರಕ್ಕೂ ಹೆಚ್ಚು ಸಾವುಗಳ ಲೆಕ್ಕವಿದೆ. ಮಿಲಿಮೀಟರುಗಳ ಭಾಗಾಕಾರ ಮಾಡುತ್ತಾ ಖುಷಿಪಡುವಾಗ ಆ ಐನೂರು ಜನ ನನಗೆ ಮರೆತೇ ಹೋಗುತ್ತಾರೆ, ಅದು ನನಗೆ ಇಷ್ಟವಾಗುವುದಿಲ್ಲ.

1940ರ ಮಾರ್ಚ್ 6ರಂದು ಸೋವಿಯತ್ ಗುಂಡೊಂದು ಅವನ ದವಡೆಯನ್ನೇ ಒಡೆಯಿತು. ಒಂದು ವಾರಕ್ಕೆ ಯುದ್ಧ ಮುಗಿಯಿತು. ಸೊಟ್ಟ ಮುಖ ಹೊತ್ತುಕೊಂಡೇ ಅವನು 96 ವರ್ಷ ಬದುಕಿ, 2002ರಲ್ಲಿ ತೀರಿಕೊಂಡ.