ಸಾಕ್ಷಿಯ ಮುಖ, ಸಾಕ್ಷಿಯ ಮಾತು



ಕಸಬೆ ಡಿಗ್ರಜದಿಂದ ಸಾಂಗಲಿ ಕೋರ್ಟಿಗೆ ಸಾಕ್ಷಿ ಹೇಳಲು ಹೊರಟವನಿಗೆ ಹಿರಿಯರು ಹೇಳುವುದು ಒಂದೇ ಮಾತು: “ಅಂಜಬ್ಯಾಡಪ್ಪಾ, ತಡವರಿಸಿದರ ಸುಳ್ಳ ಅಂತಾರ.” ಅಂಜಿದ ಮುಖವೇ ಸುಳ್ಳಿನ ಮುಖ ಎಂಬ ಈ ನಂಬಿಕೆ ಬಹಳ ಹಳೆಯದು. ಆದರೆ ಅದು ನಿಜವೇ?

ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಸುಳ್ಳು ಸಾಕ್ಷಿಯ ಲಕ್ಷಣಗಳನ್ನು ಹೇಳಿದೆ: ನಿಂತಲ್ಲಿ ನಿಲ್ಲದಿರುವುದು, ತುಟಿಯಂಚು ನೆಕ್ಕುವುದು, ಹಣೆ ಬೆವರುವುದು, ಮುಖದ ಕಳೆ ಕೆಡುವುದು. ಈ ಗ್ರಂಥಕ್ಕೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮ ನೆಲದವನೇ. 1076ರಿಂದ 1126ರವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಬೀದರ ಜಿಲ್ಲೆಯ ಬಸವಕಲ್ಯಾಣವೇ ಆ ಊರು. ಆತ ಇಲ್ಲೊಂದು ಎಚ್ಚರಿಕೆ ಕೊಟ್ಟ: ಈ ಗುರುತುಗಳಿಂದ ಸಂಶಯ ಪಡಬಹುದು, ತೀರ್ಮಾನ ಮಾಡಬಾರದು, ಹುಟ್ಟುಗುಣದ ಬೆವರು ಯಾವುದು, ತಪ್ಪಿನಿಂದ ಬಂದ ಬೆವರು ಯಾವುದು ಎಂದು ತಿಳಿಯುವುದು ಕಷ್ಟ.

ಅದೇ ಸ್ಮೃತಿ ಸಾಮಾನ್ಯ ವ್ಯಾಜ್ಯಕ್ಕೆ ಕನಿಷ್ಠ ಮೂವರು ಸಾಕ್ಷಿಗಳನ್ನು ಕೇಳುತ್ತದೆ. 1872ರ ಸಾಕ್ಷ್ಯ ಅಧಿನಿಯಮ ಈ ತಲೆಯೆಣಿಕೆಯನ್ನೇ ಕೈಬಿಟ್ಟಿತು. ಅದರ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಹಾಗೆಯೇ ಇದೆ. 1957ರ ವಡಿವೇಲು ತೇವರ್ ಖಟ್ಲೆಯಲ್ಲಿ ಗಂಡನ ಕೊಲೆಯನ್ನು ಕಣ್ಣಾರೆ ಕಂಡ ಹೆಂಡತಿಯೊಬ್ಬಳ ಮಾತನ್ನೇ ಸುಪ್ರೀಂ ಕೋರ್ಟು ನಂಬಿತು. ಪೂರ್ತಿ ನಂಬಬಹುದಾದವರು, ನಂಬಲೇಬಾರದವರು, ಇವೆರಡರ ನಡುವಿನವರು ಎಂದು ಸಾಕ್ಷಿಗಳನ್ನು ಮೂರು ಬಗೆ ಮಾಡಿತು. ನಡುವಿನವರ ಮಾತಿಗೆ ಬೇರೆ ಆಧಾರದ ಬೆಂಬಲ ಬೇಕು.

ಹಾಗಾದರೆ ನ್ಯಾಯಾಧೀಶರು ಏನನ್ನು ತೂಗುತ್ತಾರೆ? ಸಾಕ್ಷಿ ಅಲ್ಲಿದ್ದನೇ, ನೋಡುವಷ್ಟು ಬೆಳಕಿತ್ತೇ, ಆರೋಪಿಯ ಜೊತೆ ಹಳೆಯ ವೈರವಿದೆಯೇ, ಪೊಲೀಸರ ಮುಂದೆ ಹೇಳಿದ್ದಕ್ಕೂ ಕೋರ್ಟಿನಲ್ಲಿ ಹೇಳಿದ್ದಕ್ಕೂ ಹೊಂದುತ್ತದೆಯೇ? ಸಣ್ಣಪುಟ್ಟ ವ್ಯತ್ಯಾಸಕ್ಕೆ ಸಾಕ್ಷ್ಯ ಬಿದ್ದುಹೋಗುವುದಿಲ್ಲ. ಮನುಷ್ಯನ ನೆನಪು ಫೋಟೋ ಅಲ್ಲ, ವೇಳೆಯನ್ನು ಜನ ಅಂದಾಜಿನಿಂದ ಹೇಳುತ್ತಾರೆ, ನಿಜ ಹೇಳುವವನೂ ಕೋರ್ಟಿನ ವಾತಾವರಣಕ್ಕೆ, ಪಾಟೀ ಸವಾಲಿಗೆ ಕಂಗೆಡುತ್ತಾನೆ ಎಂದು ಭೋಗಿನ್‌ಭಾಯಿ ಖಟ್ಲೆಯಲ್ಲಿ 1983ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ವಿಜ್ಞಾನೇಶ್ವರನ ಮಾತು ಮತ್ತೆ ಕೇಳಿದಂತಾಗುವುದಿಲ್ಲವೇ?

ಆದರೆ ವ್ಯತ್ಯಾಸ ಖಟ್ಲೆಯ ಬುಡಕ್ಕೇ ತಾಗಿದರೆ ಮಾತು ಬೇರೆ. ನಮ್ಮಂಥ ಎರಡು ಭಾಷೆಯವರಿಗೆ ಅಪಾಯವಿರುವುದು ಇಲ್ಲಿಯೇ. ನಾವು ಹೇಳುವುದು ಕನ್ನಡ, ಕಾಗದಕ್ಕೆ ಇಳಿಯುವುದು ಮರಾಠಿ. ನಮಗೆ ‘ಮೊನ್ನೆ’ ಬೇರೆ, ‘ನಾಡಿದ್ದು’ ಬೇರೆ. ಮರಾಠಿಯಲ್ಲಿ ಎರಡಕ್ಕೂ ‘ಪರವಾ’. ತಾಯಿಯ ತಮ್ಮನೂ ನಮಗೆ ಮಾವ, ಹೆಂಡತಿಯ ತಂದೆಯೂ ಮಾವ. ಮರಾಠಿಯಲ್ಲಿ ಒಬ್ಬ ‘ಮಾಮಾ’, ಇನ್ನೊಬ್ಬ ‘ಸಾಸರಾ’. “ಮಾವ ಕುಡಗೋಲು ಹಿಡಿದಿದ್ದ” ಎಂದರೆ ಬರೆಯುವವರು ಯಾವ ಮಾವನನ್ನು ಬರೆದರು? ತಪ್ಪು ಬಿದ್ದರೆ ನಿಜ ಹೇಳಿದವನೇ ಸುಳ್ಳುಗಾರನಾಗುತ್ತಾನೆ, ತಪ್ಪು ಮಾಡದವನು ಆರೋಪಿಯೂ ಆದಾನು.

ಇದಕ್ಕೆ ಕಾನೂನಿನಲ್ಲೇ ದಾರಿಯಿದೆ. ಫೌಜದಾರಿ ಖಟ್ಲೆಯಲ್ಲಿ ಸಾಕ್ಷ್ಯವನ್ನು ಬರೆದುಕೊಂಡ ಮೇಲೆ ಸಾಕ್ಷಿಗೆ ಓದಿ ಹೇಳಬೇಕು. ಬರೆದ ಭಾಷೆ ತಿಳಿಯದಿದ್ದರೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ತಪ್ಪಿದೆ ಎಂದು ಸಾಕ್ಷಿ ಹೇಳಿದರೆ ನ್ಯಾಯಾಧೀಶರು ತಿದ್ದಬಹುದು, ಇಲ್ಲವೇ ಅವನ ಆಕ್ಷೇಪಣೆಯನ್ನು ಬರೆದಿಡಬಹುದು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ನಿಯಮ ಇಂದಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಉಳಿದಿದೆ.

ನಾನು ಬ್ಯಾಂಕಿನಲ್ಲಿದ್ದಾಗ ಹೆಬ್ಬೆಟ್ಟು ಒತ್ತುವವರಿಗೆ ಕಾಗದವನ್ನು ಕನ್ನಡದಲ್ಲಿ ಹೇಳಿಯೇ ಮಸಿಯ ಡಬ್ಬಿ ಮುಂದೆ ಇಡುತ್ತಿದ್ದೆ. ಅದು ನೂರು ರೂಪಾಯಿಯ ಮಾತು. ಕೋರ್ಟಿನಲ್ಲಿರುವುದು ಒಬ್ಬನ ಜೀವದ ಮಾತು.

ಆದ್ದರಿಂದ ಬಂಧುಗಳೇ, ಸಾಕ್ಷಿಕಟ್ಟೆಯಲ್ಲಿ ಬೆವರಿದರೆ ಬೆವರಲಿ. ಗೊತ್ತಿದ್ದಷ್ಟು ಹೇಳಿರಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿರಿ. ಇಳಿಯುವ ಮುನ್ನ ಮಾತ್ರ, “ಸಾಹೇಬರ, ಬರದದ್ದನ್ನ ನನಗ ಕನ್ನಡದಾಗ ಹೇಳಸ್ರಿ” ಎಂದು ಕೇಳಲು ಮರೆಯಬೇಡಿರಿ.